ಇಲ್ಲಿ ಯಾರೂ ಇಲ್ಲ ಎಂದು ಬರೆಯಬೇಕಂತೆ

ಇಳಕಲ್, ಡಿಸೆಂಬರ್ 2009

ದೂರದೂರಿನ ಚೆನ್ನಪ್ಪನಿಗೆ ಶರಣು,

ಎದುರಿಗಿದ್ದಾಗ ನಿನ್ನನ್ನು ಒಮ್ಮೆಯೂ ‘ನೀನು’ ಎಂದವಳಲ್ಲ. ಗಂಡ ತೀರಿಕೊಂಡ ಮೇಲೆ ಕಲ್ಲಿನ ಕಾರ್ಖಾನೆ ನಡೆಸುವ ಹೆಂಗಸು ನಾನು. ಮಂದಿಯ ಬಾಯಿಗೆ ಬೀಗ ಹಾಕುವುದಕ್ಕಾದರೂ ‘ರೀ’ ಎನ್ನಲೇಬೇಕಿತ್ತು. ಈ ಪತ್ರ ಕನ್ನಡದಲ್ಲಿದೆ, ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇಷ್ಟು ಧೈರ್ಯ. ಚೆನ್ ಎಂಬ ನಿನ್ನ ಹೆಸರನ್ನು ಚೆನ್ನಪ್ಪ ಮಾಡಿದವರು ನಮ್ಮ ಅತ್ತೆ ಸಂಗವ್ವ. ಕಲ್ಲು ಸೀಳುವ ಮಷಿನು ಜೋಡಿಸಲು ಚೀನಾದಿಂದ ಬಂದವನು, ಶೇಂಗಾ ಹಿಂಡಿ ರೊಟ್ಟಿ ತಿಂದು ನಮ್ಮ ಮನೆಯವನೇ ಆಗಿಬಿಟ್ಟೆ.

ನಿನ್ನೆ ಕನಸಿನಲ್ಲಿ ಬಂದಿದ್ದೆ. ಕಾರ್ಖಾನೆಯಲ್ಲಿ ಸದ್ದೇ ಇರಲಿಲ್ಲ. ಕೆಂಪು ಕಲ್ಲು ಸೀಳಿದ ನೀರು ನೆಲದ ತುಂಬ ತಿಳಿಗುಲಾಬಿಯಾಗಿ ಹರಿಯುತ್ತಿತ್ತು. ನೀನು ಪ್ಯಾಂಟು ಮಡಚಿಕೊಂಡು ಬರಿಗಾಲಲ್ಲಿ ಅದರೊಳಗೆ ನಡೆಯುತ್ತಿದ್ದೆ. ನೋಡನೋಡುತ್ತ ಅದು ಚೊಳಚಗುಡ್ಡದ ಹೊಂಡವಾಯಿತು. ಬನಶಂಕರಿ ಗುಡಿಗೆ ಕರೆದೊಯ್ದ ದಿನ ಮೆಟ್ಟಿಲ ಮೇಲೆ ಕುಳಿತು ಕಲ್ಲನ್ನು ಸವರಿದ್ದೆಯಲ್ಲ, ಕನಸಿನಲ್ಲೂ ಹಾಗೇ ಸವರುತ್ತಿದ್ದೆ. ಬರೀ ಮೇಡಂ ಎನ್ನಬೇಡ, ನನಗೂ ಈ ದೇವಿಯ ಹೆಸರಿದೆ ಎಂದು ಹೇಳಹೊರಟೆ. ಎಚ್ಚರವಾಯಿತು.

ಮೊದಲೆಲ್ಲ ನಿನ್ನಂಥವರು ವ್ಯಾಪಾರದ ವೀಸಾದ ಮೇಲೆ ಬಂದು, ಮಷಿನು ಕೂಡಿಸಿ ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಈ ವರ್ಷ ಸರ್ಕಾರ ಬಿಗಿ ಮಾಡಿತು. ವ್ಯಾಪಾರಕ್ಕೆ ಬಂದವನು ನೋಡಬಹುದು, ಮಾತಾಡಬಹುದು, ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ವಿಚಾರಿಸಲು ಬಾಗಲಕೋಟೆಯಿಂದ ಪೊಲೀಸ್ ಸಾಹೇಬರು ಬಂದ ದಿನ ನಾನು, “ಮಷಿನ್ ತೋರಿಸಾಕ ಬಂದಾರ್ರೀ, ಅಷ್ಟ” ಎಂದು ಜಾರಿಕೊಳ್ಳುವಷ್ಟರಲ್ಲಿ ಅತ್ತೆ ಚಹಾ ಹಿಡಿದು ಬಂದರು.

“ಇಂವ ಕುಂತು ಉಣ್ಣಾವಲ್ರೀ ಸಾಹೇಬ್ರ. ಮುಂಜಾನಿಂದ ನಮ್ಮ ಹುಡುಗ್ರ ಗೂಡ ರಾಡ್ಯಾಗ ನಿಂತು ದುಡೀತಾನ. ಖರೇ ಕಾಯಕದಾವ!”

ಬಸವಣ್ಣನನ್ನು ನಂಬಿದ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಏನೂ ಅರ್ಥವಾಗದ ನೀನು ಹೌದೌದೆಂದು ತಲೆಯಾಡಿಸಿ ಅಂಗೈಯ ರಾಡಿಯನ್ನೂ ತೋರಿಸಿದೆ! ಸಾಹೇಬರು ಚಹಾ ಕುಡಿದು, ಬರೆದುಕೊಂಡು ಹೋದರು. ತಿಂಗಳ ಕೊನೆಯೊಳಗೆ ನೀನು ದೇಶ ಬಿಡಬೇಕೆಂದು ಆದೇಶ ಬಂತು. “ದುಡಿಯಾವನ್ನ ಯಾಕ ಓಡಿಸಿದ್ರವಾ?” ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ.

ಅರೆಬರೆ ಜೋಡಿಸಿದ ಮಷಿನು ನಮ್ಮ ಮಾತು ಕೇಳಲಿಲ್ಲ. ಕಲ್ಲುಗಳು ಓರೆಯಾಗಿ ಸೀಳಿ ಒಡೆದವು. ಕೆಲಸದವರನ್ನು ಮನೆಗೆ ಕಳಿಸುವಾಗ ಅವರ ಮುಖ ನೋಡಲಾಗಲಿಲ್ಲ. ಆಗ ವಕೀಲರು ದಾರಿ ಹೇಳಿದರು: ಕೆಲಸದ ವೀಸಾ ಸಿಕ್ಕರೆ ನೀನು ಮರಳಿ ಬರಬಹುದು. ಅದಕ್ಕೆ ಮಾಲೀಕಳಾದ ನಾನು, ಈ ಕೆಲಸ ಬಲ್ಲವರು ಇಲ್ಲಿ ಯಾರೂ ಇಲ್ಲ ಎಂದು ಬರೆದು ಸಹಿ ಮಾಡಿ ನಿನಗೆ ಕಳಿಸಬೇಕು. ಎಷ್ಟು ಖುಷಿಯಾಯಿತೆಂದರೆ, ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಅಂದೇ ನಿನ್ನ ಕೋಣೆಗೆ ಸುಣ್ಣ ಬಳಿಸಿದೆ. ಮಷಿನಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ.

ಈ ಮುಂಜಾನೆ ಸಹಿ ಮಾಡಲು ಕುಳಿತಾಗ ಮಷಿನಿನ ಸದ್ದು ಕೇಳಿತು. ಓಡಿದೆ. ನಮ್ಮ ಮಿಸ್ತ್ರಿ ಹುಸೇನಸಾಬರು ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಅವರ ಕೈಯ ಮೇಲೆ ನಿನ್ನ ಕೈ ಇಟ್ಟು ಮಷಿನಿನ ನಡುಕ ಕಲಿಸುತ್ತಿದ್ದೆಯಲ್ಲ, ಅದನ್ನೇ ಹುಡುಕುತ್ತಿದ್ದರಂತೆ ಇಷ್ಟು ದಿನ. ಕಲ್ಲು ಒಂದೇ ನೇರಕ್ಕೆ ಸೀಳಿತು.

“ಬಂತ್ ನೋಡ್ರೀ ಅಕ್ಕಾರ! ಚೆನ್ನಪ್ಪ ಕಲಿಸಿದ್ದು ಕೈಯಾಗ ಉಳದೈತಿ!” ಎಂದು ಆ ಹಿರಿಯರು ಅತ್ತೇಬಿಟ್ಟರು. ನಾನೂ ಅತ್ತುಬಿಟ್ಟೆ. ಇಬ್ಬರದೂ ಆನಂದದ ಕಣ್ಣೀರು ಎಂದುಕೊಂಡರು ಎಲ್ಲರೂ.

ಯಾರೂ ಇಲ್ಲ ಎಂದು ಬರೆದರೆ ನೀನು ಬರುತ್ತೀಯ. ಸುಳ್ಳು ಹೇಳಲು ಬಾರದವಳೇನಲ್ಲ ನಾನು, ಪೊಲೀಸರ ಮುಂದೆಯೇ ಹೇಳಿದ್ದೆ. ಆದರೆ ಆ ಕೈ ನೋಡಿದ ಮೇಲೆ ಹುಸೇನಸಾಬರನ್ನು ಇಲ್ಲ ಎನ್ನಲು ಆಗಲಿಲ್ಲ. ಸಹಿ ಮಾಡಲಿಲ್ಲ. ನಿನ್ನನ್ನು ಕರೆಸಿಕೊಳ್ಳಲು ನನಗೆ ಇನ್ನೊಂದು ಕಾರಣ ಇತ್ತು ಚೆನ್ನಪ್ಪ. ಅದನ್ನು ಯಾವ ಸರ್ಕಾರವೂ ಕೇಳಲಿಲ್ಲ. ಕೇಳಿದ್ದರೆ ಖರೆಯನ್ನೇ ಬರೆದು ಸಹಿ ಮಾಡುತ್ತಿದ್ದೆ.

ಎಲ್ಲಿದ್ದರೂ ನಿನ್ನ ಕೈಗೆ ಕೆಲಸವಿರಲಿ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಬಡಿಸುವವರಿರಲಿ.

ನಿನ್ನ ಹಾದಿ ಕಾಯುವುದನ್ನು ಇಂದಿಗೆ ಬಿಟ್ಟ,
ಬನಶಂಕರಿ