ಒಂದು ಬುತ್ತಿಯ ದೂರ

ಅವ್ವಾ,

ನಿನ್ನ ಹಿರಿಮಗಳು ಬರೀತಿದೀನಿ. ಎಲ್ಲಿಂದ ಗೊತ್ತೇನು? ಲಂಡನ್ನಿಂದ! ಬೈಬೇಡ, ಪೂರ್ತಿ ಕೇಳು.

ನನ್ನ ಮದುವೆ ಮಾತುಕತೆ ನೆನಪೈತಾ? ಗಂಡಿನೋರು ಹೊಳಲ್ಕೆರೆಯೋರು ಅಂದಾಗ ನೀನು ಆಸ್ತಿ ಕೇಳಲಿಲ್ಲ, "ಎಷ್ಟು ಬುತ್ತಿ ದೂರ?" ಅಂದೆ. ತವರಲ್ಲಿ ಕಟ್ಟಿದ ಬುತ್ತಿ ಹಳಸೋದ್ರೊಳಗೆ ಮಗಳ ಮನೆ ಮುಟ್ಟಬೇಕು, ಅದರಾಚೆಗೆ ಹೆಣ್ಣು ಕೊಡಬಾರದು ಅನ್ನೋದು ನಿನ್ನ ಕಾನೂನು. ಮದುವೆ ಆದ್ಮೇಲೆ ನೀನು ಧರ್ಮಪುರದಲ್ಲಿ ಬೆಳಗ್ಗೆ ಬಸ್ ಹತ್ತಿ, ಹಿರಿಯೂರಲ್ಲಿ ಇಳಿದು, ದುರ್ಗದಲ್ಲಿ ಇನ್ನೊಂದು ಬಸ್ಸಿಗೆ ಕಾದು, ಹೊತ್ತು ಮುಳುಗೋಕೆ ನಮ್ಮನೆ ಮುಟ್ತಿದ್ದೆ. ಮುತ್ತುಗದೆಲೆ ಬಿಚ್ಚಿ, ಚಿತ್ರಾನ್ನ ಮೂಸಿ, "ಹಳಸಿಲ್ಲ, ಬಿಡು" ಅಂತಿದ್ದೆ. ಆಮೇಲೇ ನನ್ನ ಮುಖ ನೋಡೋದು.

ನನ್ನ ಮಗಳು ದೀಪಾನ ಮದುವೇಲಿ ಮಾತ್ರ ನೀನು ಮುಖ ಗಂಟು ಹಾಕ್ಕೊಂಡು ಕುಂತೆ. ಹುಡುಗ ಲಂಡನ್ನಿನ ಆಸ್ಪತ್ರೇಲಿ ನರ್ಸು, ಬಂಗಾರದಂಥೋನು ಅಂದ್ರೂ ಕೇಳಲಿಲ್ಲ. "ಬುತ್ತಿ ಮುಟ್ಟದ ಊರಿಗೆ ಮೊಮ್ಮಗಳನ್ನ ಎಸೆದ್ರಲ್ಲೇ" ಅಂದೆ. ಆ ಸಂಕಟ ಇಟ್ಕೊಂಡೇ ಹೋಗಿಬಿಟ್ಟೆ. ಇನ್ನೊಂದು ವರ್ಷ ತಡೆದಿದ್ರೆ...

ಹೋದ ತಿಂಗಳು ದೀಪಾ ಫೋನ್ ಮಾಡಿದ್ಲು. ತುಂಬು ಬಸುರಿ, ವಿಮಾನ ಹತ್ತೋ ಹಾಗಿಲ್ಲ. ಚೊಚ್ಚಲ ಬಾಣಂತನಕ್ಕೆ ನಾನೇ ಹೋಗಬೇಕು. ಅವಳ ಬಯಕೆ ಏನು ಹೇಳು? "ಅಜ್ಜಿ ಮಾಡ್ತಿದ್ದ ಚಿತ್ರಾನ್ನ ಬೇಕಮ್ಮ." ಬೆಂಗಳೂರಿಂದ ಅಲ್ಲಿಗೆ ಎಂಟು ಸಾವಿರ ಕಿಲೋಮೀಟರ್ ಅಂತ ಕೇಳಿ ಬೆರಳೆಣಿಸ್ತಾ ಕುಂತೆ. ಎಂಟು ಸಾವಿರಕ್ಕೆ ಎಷ್ಟು ಬುತ್ತಿ ಕಟ್ಟಲವ್ವ? ವಿಮಾನ ಹತ್ತೋ ದಿನ ಬೆಂಗಳೂರಲ್ಲಿ ತಂಗಿ ಮನೇಲಿ ಎದ್ದು ಹುಳಿ ಹಿಂಡಿ ಚಿತ್ರಾನ್ನ ಕಲಸಿ ಹತ್ತು ಬುತ್ತಿ ಕಟ್ಟಿಟ್ಟೆ! ನಿನ್ನ ಅಳಿಯ ಹೊಟ್ಟೆ ಹಿಡ್ಕೊಂಡು ನಕ್ಕರು. "ಲೇ, ಆಕಾಶದಾಗೆ ಹತ್ತೂವರೆ ತಾಸು ಅಷ್ಟೇ ಕಣೇ. ನಿಮ್ಮವ್ವ ಹೊಳಲ್ಕೆರೆಗೆ ಬರ್ತಿದ್ದಷ್ಟೇ ಹೊತ್ತು!"

ಕೇಳಿದ್ಯಾ ಅವ್ವ? ಒಂದೇ ಬುತ್ತಿ!

ಒಂಬತ್ತು ತಂಗಿ ಮನೇಲೇ ಬಿಟ್ಟು ಒಂದನ್ನೇ ತಗೊಂಡೆ. ಆದ್ರೂ ನಂಬಿಕೆ ಎಲ್ಲಿ? ವಿಮಾನದಲ್ಲಿ ಗಂಟನ್ನ ತೊಡೆ ಮೇಲಿಂದ ಇಳಿಸಲಿಲ್ಲ. "ಮೇಲಿಡ್ರಮ್ಮ, ಯಾರೂ ಕದಿಯಲ್ಲ" ಅಂದ್ಲು ಪಕ್ಕದೋಳು. ಕಳ್ಳರ ಭಯ ಅಲ್ಲ ತಾಯಿ, ಹಳಸೋ ಭಯ ಅಂದೆ. ಬೆಳಗ್ಗೆ ಹತ್ತಿದೋಳು ಇಳಿದಾಗ ಅಲ್ಲಿನ್ನೂ ಮಧ್ಯಾಹ್ನ. ಹೊತ್ತು ಕೂಡ ನಮ್ಮ ಕಡೆನೇ ಸೇರ್ಕೊಂಡಿತ್ತು ನೋಡು.

ಮನೆ ಸೇರಿದ ಕೂಡಲೇ ದೀಪಾ ಗಂಟಿಗೆ ಕೈ ಹಾಕಿದ್ಲು. ನನಗೆ ನೋಡೋಕಾಗದೆ ಕಿಟಕಿ ಕಡೆ ತಿರುಗಿ ನಿಂತೆ. ಎಲೆ ಬಿಚ್ಚಿದ ಸದ್ದು, ಆಮೇಲೆ ಮೂಸಿದ ಸದ್ದು.

"ಹಳಸಿಲ್ಲ, ಬಿಡು."

ಥೇಟ್ ನಿನ್ನ ದನಿ ಕಣವ್ವ. ನಾನು ಗೊಳೋ ಅಂತ ಅತ್ತುಬಿಟ್ಟೆ, ಅವಳು ಒಂದಗುಳೂ ಬಿಡದೆ ತಿಂದ್ಲು.

ಆ ವಾರವೇ ಹೆರಿಗೆ ಆಯ್ತು. ಹೆಣ್ಣು ಕೂಸು, ನಿನ್ನಂಗೇ ಅಗಲ ಹಣೆ. ತಾಯಿ ಮಗು ಸುಖವಾಗವೆ. ಕೂಸಿಗೆ ವರ್ಷ ತುಂಬಿದ ಮೇಲೆ ಧರ್ಮಪುರಕ್ಕೆ, ನಿನ್ನ ಸಮಾಧಿ ಹತ್ರ ಕರ್ಕೊಂಡು ಬರ್ತೀವಿ. ಆಗ ನಾನು ಅಡುಗೆ ಮಾಡಲ್ಲ. ಎಡೆಗೆ ಲಂಡನ್ನಿಂದ ನಿನ್ನ ಮೊಮ್ಮಗಳೇ ಬುತ್ತಿ ಕಟ್ಕೊಂಡು ಬರ್ತಾಳಂತೆ. ಮೂಸಿ ನೋಡು, ಹಳಸಿದ್ರೆ ಅವಳಿಗೇ ಬೈಯಿ.