ನಂಜುಗಾಳಿಯ ಬಾಗಿಲಲ್ಲಿ ಕೇಳಿದ ಒಂದು ಮಾತು

ಮಾಘ ಮಾಸದ ಮೂವತ್ತೆರಡನೆಯ ದಿನ, ಭಾನುವಾರ. ಕಪಿಲೆ ಹೊಸ ದಾರಿ ಹಿಡಿದ ನೂರಾ ಹನ್ನೊಂದನೆಯ ವರ್ಷ.

ನನ್ನ ಮುತ್ತಜ್ಜಿಯ ಮುತ್ತಜ್ಜಿ ನಿಂಗಮ್ಮನವರಿಗೆ ಪುಟ್ಟತಾಯಮ್ಮ ಮಾಡುವ ಶರಣು.

ತಿಂಗಳಿಗೆ ಮೂವತ್ತೆರಡು ದಿನ ಹೇಗೆ ಬಂತು ಎಂದು ನೀವು ಕೇಳಬಹುದು. ಬೇಸಿಗೆ ಉದ್ದವಾದ ಮೇಲೆ ದೊಡ್ಡವರು ಕೂತು ಪಂಚಾಂಗ ತಿದ್ದಿದರು, ನನಗೂ ಪೂರ್ತಿ ತಿಳಿಯದು. ನಾನು ಊರ ಶಾಲೆಯಲ್ಲಿ ಏಳನೇವರೆಗೆ ಓದಿದವಳು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಮನ್ನಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಈ ಕಾಗದವನ್ನು ನಂಜುಂಡಪ್ಪನ ಗುಡಿಯ ಹಿಂದಿನ ಗೋಡೆಯ ಕಲ್ಲಿನ ಸಂದಿಯಲ್ಲಿ ಇಡುತ್ತೇನೆ. ಆ ಕಲ್ಲು ನಿಮ್ಮ ಕಾಲದಲ್ಲೂ ಅಲ್ಲೇ ಇತ್ತಲ್ಲ. ನಿಮ್ಮ ಯಜಮಾನರು ಮ್ಯಾನ್‌ಹೋಲ್ ಇಳಿಯುವ ಮುಂಚೆ ಇದು ನಿಮ್ಮ ಕೈಗೆ ಸಿಗುತ್ತದೋ, ಆಮೇಲೋ, ಅದು ಆ ನಂಜುಂಡಪ್ಪನಿಗೆ ಬಿಟ್ಟದ್ದು.

ನಾನು ಇಪ್ಪತ್ತೆರಡು ವರ್ಷದಿಂದ ತಂಗುಮನೆಯಲ್ಲಿ ಮೂಗಾಳಾಗಿ ಇದ್ದೇನೆ. ತಂಗುಮನೆ ಎಂದರೆ ಎದೆ ಕೆಟ್ಟವರನ್ನು, ಕಿಡ್ನಿ ಸೋತವರನ್ನು ಕೆಲವು ದಿನ ಮೈಯ ಓಟ ನಿಧಾನಮಾಡಿ ಮಲಗಿಸುವ ಆಸ್ಪತ್ರೆ. ಅವರಿಗೆ ನಂಜುಗಾಳಿ ಕೊಡುತ್ತಾರೆ. ಹೆಸರು ಹೊಸದು, ಗಾಳಿ ಹಳೆಯದು. ಕೊಳೆತ ಮೊಟ್ಟೆಯ ನಾತದ ಗಾಳಿಯೇ ಅದು. ನಿಮ್ಮ ಕಾಲದ ಓದಿದವರು ಹೈಡ್ರೋಜನ್ ಸಲ್ಫೈಡ್ ಅನ್ನುತ್ತಿದ್ದರಂತೆ. ನಿಮಗೆ ಆ ಹೆಸರು ಯಾರೂ ಹೇಳಿರಲಿಕ್ಕಿಲ್ಲ. ನೀವು ಅದನ್ನು ಚರಂಡಿ ಗಾಳಿ ಅಂದಿರುತ್ತೀರಿ.

ನಂಬಲಿಕ್ಕೆ ಕಷ್ಟ, ಆದರೆ ಈ ಗಾಳಿಯನ್ನು ನಮ್ಮ ಮೈಯೇ ಮಾಡುತ್ತದೆ. ನಿಮ್ಮ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ, ಸಾಸಿವೆಯಷ್ಟೂ ಅಲ್ಲ, ಅದಕ್ಕಿಂತ ಬಹಳ ಕಮ್ಮಿ. ರಕ್ತನಾಳ ಸಡಿಲವಾಗಿ ಇರುವುದಕ್ಕೆ ಅದೂ ಒಂದು ಕಾರಣ. ಬೆಳ್ಳುಳ್ಳಿ ತಿಂದರೆ ಇನ್ನಷ್ಟು ಹುಟ್ಟುತ್ತದೆ. ರಕ್ತ ನಿಂತುಹೋದ ಜಾಗಕ್ಕೆ ಮತ್ತೆ ರಕ್ತ ನುಗ್ಗಿದಾಗ ಮಾಂಸ ಸುಟ್ಟಂತೆ ಆಗುತ್ತದಲ್ಲ, ಅದನ್ನು ತಡೆಯುತ್ತದೆ. ಇದನ್ನು ಉಸಿರಾಡಿದ ಇಲಿಗಳು ತಣ್ಣಗಾಗಿ, ಉಸಿರು ಕಮ್ಮಿಮಾಡಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದವು ಎಂದು ನಿಮ್ಮ ಕಾಲದಲ್ಲೇ ಕಂಡಿದ್ದರು. ಹಂದಿಯಲ್ಲಿ, ಕುರಿಯಲ್ಲಿ ಹಾಗೆ ಆಗಲಿಲ್ಲ ಎಂದು ಸುಮ್ಮನಾದರು. ನಮ್ಮ ಅಜ್ಜಿಯರ ಕಾಲಕ್ಕೆ ಮನುಷ್ಯರಿಗೆ ಅಳತೆ ಸಿಕ್ಕಿತು. ಅಳತೆ ತಪ್ಪಿದರೆ ಹಳೆಯ ಗಾಳಿಯೇ. ನಂಜುಂಡಪ್ಪ ವಿಷವನ್ನು ಗಂಟಲಲ್ಲಿ ಹಿಡಿದ, ಕೆಳಗೆ ಬಿಡಲಿಲ್ಲ. ತಂಗುಮನೆಯ ಬಾಗಿಲ ಮೇಲೆ ಅವನ ಪಟ ಹಾಕಿದ್ದು ಅದಕ್ಕೇ.

ಈಗ ಮೂಗಾಳಿನ ಕೆಲಸ, ಎಂದರೆ ಮೂಗಿನಿಂದ ಗಾಳಿ ಕಾಯುವ ಆಳಿನ ಕೆಲಸ. ರೋಗಿಯ ಮುಖಕ್ಕೆ ಕಟ್ಟಿದ ಮುಚ್ಚಳದ ಅಂಚಿನಿಂದ ಚೂರು ಗಾಳಿ ಸೋರಿಯೇ ಸೋರುತ್ತದೆ. ಕೋಣೆಯಲ್ಲಿ ಯಾವಾಗಲೂ ತುಸು ನಾತ ಇರಬೇಕು. ಒಳಗೆ ಒಬ್ಬಳು, ಬಾಗಿಲಾಚೆ ಒಬ್ಬಳು. ಆಚೆಯವಳು ಗಳಿಗೆಗೊಮ್ಮೆ ಕೇಳುತ್ತಾಳೆ, ಒಳಗಿನವಳು ‘ಇದೆ’ ಅನ್ನುತ್ತಾಳೆ. ‘ಇದೆ’ ಅಂದರೆ ಎಲ್ಲ ಸರಿ. ‘ಇಲ್ಲ’ ಅಂದರೆ ಗಾಳಿ ನಿಂತಿದೆ, ಇಲ್ಲವೇ ಹೆಚ್ಚಾಗಿ ಮೂಗನ್ನು ಕೊಂದಿದೆ. ಈ ಗಾಳಿ ಜಾಸ್ತಿಯಾದರೆ ಮೊದಲು ಸಾಯುವುದು ವಾಸನೆ, ಆಮೇಲೆ ಮಂಕು ಕವಿದು ಒಳಗಿನವಳಿಗೆ ಅಪಾಯವೇ ತಿಳಿಯದು. ಹಾಗಾಗಿ ‘ಇಲ್ಲ’ ಎಂದು ಕೇಳಿದ ಕೂಡಲೇ ಆಚೆಯವಳು ಗಂಟೆ ಹೊಡೆದು, ಒಳಗಿನವಳ ಸೊಂಟದ ಪಟ್ಟಿ ಹಿಡಿದು ಎಳೆಯಬೇಕು. ಗೋಡೆಯ ಮೇಲೆ ಅಳೆಯುವ ಯಂತ್ರವೂ ಉಂಟು, ಆದರೂ ಇಬ್ಬರು ಇರಲೇಬೇಕು.

ಮನೆಯಲ್ಲಿ ಹಾಗಲ್ಲ. ಮನೆಯಲ್ಲಿ ನಾತ ಇದೆಯಾ ಎಂದು ಕೇಳಿ, ಇಲ್ಲ ಅಂದರೆ ಒಳ್ಳೆಯ ಸುದ್ದಿ. ಹೊಸಬರಿಗೆ ಈ ಒಂದು ಪದವನ್ನು ತಿರುಗಿಸಿ ಕಲಿಸಲು ಮೂರು ತಿಂಗಳು ಬೇಕು. ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ.

ರಾಚಮ್ಮನಿಗೂ ನಾನೇ ಕಲಿಸಿದೆ. ಅವಳು ನಮ್ಮ ತಂಗುಮನೆಯ ಅಡುಗೆಯಿಂದ ಬಂದವಳು, ನಲವತ್ತರ ಹೆಂಗಸು, ಬಾಯಿ ಜೋರು. ಕೆಲಸದ ದಿನ ಮೂಗಾಳು ಬೆಳ್ಳುಳ್ಳಿ ಮುಟ್ಟಬಾರದು ಎಂದರೆ ಅವಳಿಗೆ ಸಂಕಟ. ಬೆಳ್ಳುಳ್ಳಿ ತಿಂದೋರಿಗೆ ಎದೆ ಗಟ್ಟಿ, ಬಿಟ್ಟೋರಿಗೆ ಮೂಗು ಗಟ್ಟಿ, ಎರಡೂ ಗಟ್ಟಿಯಿರೋ ಗಂಡು ಸಿಗಲಿಲ್ಲ ಅಂತಲೇ ನಾನು ಮದುವೆಯಾಗಲಿಲ್ಲ ಎಂದು ನಗಿಸುತ್ತಿದ್ದಳು. ಸೋಮವಾರ ನಾನು ಉಪವಾಸ ಕೂತರೆ, ದೇವರಿಗೆ ಹಸಿವಿಲ್ಲ ಕಣಕ್ಕ, ನಿನ್ನ ಪಾಲು ನನಗೆ ಕೊಡು ಎಂದು ಕಾಡುತ್ತಿದ್ದಳು. ಕೊಡುತ್ತಿದ್ದೆ.

ಪುಷ್ಯದ ಕೊನೆಗೆ ನನ್ನ ಯಜಮಾನರು ಕೆಂಪಯ್ಯನವರ ಎದೆಯ ಒಂದು ಭಾಗ ಸತ್ತಿತು. ಹೊಸ ಮಾಂಸ ಬೆಳೆಸಿ ಹೊದಿಸಲು ಒಂಬತ್ತು ದಿನ ಬೇಕು, ಅಲ್ಲಿಯವರೆಗೆ ತಂಗಿಸಬೇಕು ಎಂದರು. ಸ್ವಂತದವರ ಬಾಗಿಲಿಗೆ ಮೂಗಾಳು ನಿಲ್ಲಬಾರದು ಎಂಬ ಕಟ್ಟಳೆ ಇದೆ. ನಾನು ಬೇಡಿಕೊಂಡೆ. ಇಪ್ಪತ್ತೆರಡು ವರ್ಷದವಳು ಎಂದು ಬಿಟ್ಟರು.

ಏಳನೆಯ ದಿನ, ಮಧ್ಯಾಹ್ನ. ಗೋಡೆಯ ಅಳೆಯುವ ಯಂತ್ರವನ್ನು ತೊಳೆಯಲು ಬಿಚ್ಚಿದ್ದರು. ರಾಚಮ್ಮ ಒಳಗೆ, ನಾನು ಬಾಗಿಲಾಚೆ. ಡಾಕ್ಟರು ಆಗತಾನೇ ಬಂದು, ಮಾಂಸ ಚೆನ್ನಾಗಿ ಕಚ್ಚಿದೆ, ಇನ್ನೆರಡು ದಿನ ಎಂದು ಹೇಳಿ ಹೋಗಿದ್ದರು. ನಾನು ಕಣ್ಣುಮುಚ್ಚಿ ನಂಜುಂಡಪ್ಪನನ್ನು ನೆನೆಯುತ್ತಿದ್ದೆ. ಹಾಗೇ ಕೇಳಿದೆ.

“ರಾಚೀ, ಇದೆಯೇನೇ?”

“ಇಲ್ಲ ಕಣಕ್ಕ. ಏನೂ ಇಲ್ಲ. ನಿನ್ನ ಗಂಡ ಹಾಯಾಗಿ ಮಲಗವನೆ.”

ನನಗೆ ಸಮಾಧಾನವಾಯಿತು. ನಿಂಗಮ್ಮನವರೇ, ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಬರೆಯುತ್ತಿದ್ದೇನೆ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ನಾನು ಅದನ್ನು ಮೂಗಾಳಾಗಿ ಕೇಳಲಿಲ್ಲ, ಹೆಂಡತಿಯಾಗಿ ಕೇಳಿದೆ. ಹಣೆಗೆ ಇನ್ನಷ್ಟು ವಿಭೂತಿ ಹಚ್ಚಿಕೊಂಡೆ. ಮುಂದಿನ ಗಳಿಗೆಗೆ ಕೇಳಿದಾಗ ಒಳಗಿನಿಂದ ಉತ್ತರ ಬರಲಿಲ್ಲ.

ಗಾಳಿ ತರುವ ಕೊಳವೆಯ ಕೀಲು ಬಿಟ್ಟುಕೊಂಡಿತ್ತು. ಗಂಟೆ ಹೊಡೆದು, ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವಳನ್ನು ಎಳೆದೆ. ಬಾಗಿಲ ಹತ್ತಿರ ಉಸಿರು ತಡೆಯದೆ ಒಂದು ಸಲ ಎಳೆದುಕೊಂಡೆ. ಏನೂ ನಾತ ಇರಲಿಲ್ಲ. ರಾಚಮ್ಮ ಹೊಸ್ತಿಲಲ್ಲೇ ಹೋದಳು. ಕೀಲು ಇದ್ದದ್ದು ಕೋಣೆಯ ಆ ಮೂಲೆಯಲ್ಲಿ, ಅವಳು ಕೂತಿದ್ದ ಕಡೆ. ನನ್ನ ಯಜಮಾನರು ಮುಚ್ಚಳದೊಳಗಿನ ಅಳತೆಯ ಗಾಳಿಯಲ್ಲಿ ಇದ್ದರು, ಅವರಿಗೆ ಏನೂ ಆಗಲಿಲ್ಲ. ಎರಡು ದಿನಕ್ಕೆ ಎದ್ದರು. ಒಂಬತ್ತು ದಿನ ನಿನ್ನ ಮಾತು ಕೇಳದೆ ಮಲಗಿದ್ದೆ, ಎದೆ ತಾನಾಗೇ ಕೂಡಿಕೊಂಡಿತು ಎಂದು ತಮಾಷೆ ಮಾಡಿದರು. ನಗಬೇಕಿತ್ತು. ನಕ್ಕೆ ಎಂದು ಕಾಣುತ್ತದೆ.

ಅವತ್ತಿನಿಂದ ನನಗೆ ವಾಸನೆ ಇಲ್ಲ. ವಿಭೂತಿ, ಕರ್ಪೂರ, ಒಗ್ಗರಣೆ, ಯಜಮಾನರ ಅಂಗಿ, ಎಲ್ಲ ನೀರಿನ ಹಾಗೆ. ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದಾರೆ. ಅಳುವೂ ಬಂದಿಲ್ಲ. ಪೂಜೆಗೆ ಕೂತರೆ ಹೂವು ಏರಿಸುತ್ತೇನೆ, ಇಳಿಸುತ್ತೇನೆ. ಬೇಡಲು ಏನೂ ನೆನಪಾಗುವುದಿಲ್ಲ.

ರಾಚಮ್ಮ ಅಡುಗೆಯಿಂದ ಬಂದ ಹೊಸಬಳು, ನಾತ ಹೋದದ್ದನ್ನು ಹೇಳುವುದು ಅವಳಿಗೆ ತಿಳಿಯಲಿಲ್ಲ, ತೂಕಡಿಸಿರಬೇಕು ಎಂದು ತಂಗುಮನೆಯವರು ತೀರ್ಮಾನ ಬರೆದಿದ್ದಾರೆ. ಅವಳ ತಾಯಿ ಗಿರಿಜವ್ವ ಹನ್ನೊಂದನೆಯ ದಿನ ನನ್ನ ಕೈ ಹಿಡಿದು, ನನ್ನ ಮಗಳು ನಿದ್ದೆ ಮಾಡಿ ನಿನ್ನ ಗಂಡನ ಜೀವಕ್ಕೆ ಕುತ್ತು ತಂದಳಲ್ಲ ತಾಯಿ, ಹೊಟ್ಟೆಗೆ ಹಾಕಿಕೋ ಎಂದಳು. ನಾನು ಆಗಲಿ ಎಂದೆ. ಆಗಲಿ ಎಂದುಬಿಟ್ಟೆ.

ನಿಮ್ಮ ಕತೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಿಮ್ಮ ಯಜಮಾನರು ಮಾದಯ್ಯನವರು ಇಳಿದರು. ನೀವು ಮೇಲೆ ಹಗ್ಗ ಹಿಡಿದು ನಿಂತು, ನಾತ ಐತಾ ಎಂದು ಕೇಳಿದಿರಿ. ಕೆಳಗಿನಿಂದ, ಇಲ್ಲ, ಎಲ್ಲಾ ಹೋಯ್ತು ಎಂದರು. ನೀವು ಸಮಾಧಾನಪಟ್ಟು ನಿಮ್ಮ ತಮ್ಮನನ್ನೂ ಇಳಿಸಿದಿರಿ. ಇಬ್ಬರೂ ಬರಲಿಲ್ಲ. ‘ಇದೆ’, ‘ಇಲ್ಲ’ ಎಂಬ ನಮ್ಮ ಕಟ್ಟಳೆ ಹುಟ್ಟಿದ್ದೇ ನಿಮ್ಮ ಆ ಹಗ್ಗದಿಂದ. ರಾಚಮ್ಮನಿಗೆ ಕಲಿಸುವಾಗ ನಿಮ್ಮ ಕತೆಯನ್ನೇ ಹೇಳಿದ್ದೆ. ಅವಳು ಕಲಿತಿದ್ದಳು. ಸರಿಯಾಗಿಯೇ ಹೇಳಿದಳು. ಕೇಳಬೇಕಾದವಳು ನಾನು.

ನಿಮಗೆ ಯಾರೂ ಹೇಳಿಕೊಡಲಿಲ್ಲ, ನಿಮ್ಮದು ತಪ್ಪಲ್ಲ. ನನಗೆ ನೀವೇ ಹೇಳಿಕೊಟ್ಟಿದ್ದಿರಿ.

ನಾಳೆ ಸೋಮವಾರ. ಬೆಳಿಗ್ಗೆ ಸ್ನಾನ ಮಾಡಿ, ಈ ಕಾಗದವನ್ನು ಕಲ್ಲಿನ ಸಂದಿಗೆ ಸೇರಿಸಿ, ಅಲ್ಲಿಂದ ನೇರ ಗಿರಿಜವ್ವನ ಮನೆಗೆ ಹೋಗುತ್ತೇನೆ. ನಿನ್ನ ಮಗಳು ನಿದ್ದೆ ಮಾಡಲಿಲ್ಲ, ಇಲ್ಲ ಎಂದಳು, ನಾನು ಎಳೆಯಲಿಲ್ಲ ಎಂದು ಹೇಳುತ್ತೇನೆ. ಆಮೇಲೆ ತಂಗುಮನೆಯಲ್ಲೂ ಅದನ್ನೇ ಹೇಳುತ್ತೇನೆ. ಮುಂದಿನದು ಅವರಿಗೆ ಬಿಟ್ಟದ್ದು.

ಈ ಕಾಗದ ನಿಮಗೆ ಮುಂಚೆಯೇ ಸಿಕ್ಕಿದ್ದರೆ ಒಂದೇ ಒಂದು ಕೆಲಸ ಮಾಡಿ ತಾಯಿ. ಅವರನ್ನು ಇಳಿಯಲು ಬಿಡಬೇಡಿ. ನಿಮ್ಮ ಮಾತು ನಡೆಯದೆ ಇಳಿದೇ ಇಳಿದರೆ, ತಮ್ಮನನ್ನು ಹತ್ತಿರ ಬಿಡಬೇಡಿ, ಹಗ್ಗ ಕೈಬಿಡಬೇಡಿ. ಕೆಳಗಿನಿಂದ ನಾತ ಇದೆ ಎಂದರೂ ಮೇಲೆ ಬಾ ಎನ್ನಿ. ‘ಇಲ್ಲ’ ಎಂದರೆ ಯಾರಿಗೂ ಕಾಯಬೇಡಿ, ದೇವರನ್ನೂ ನೆನೆಯಬೇಡಿ.

ಹಗ್ಗ ಎಳೆಯಿರಿ.