ಅಂಚು ಸವರಿದ ಎಲೆಗಳು

ವಿನ್ನೆಮಕ್ಕಾ, ನೆವಾಡಾ
೯ ನವೆಂಬರ್ ೧೯೬೪, ಸೋಮವಾರ

ನನ್ನ ಮುದ್ದು ಪೆಯೊ,

ಹೇಗಿದ್ದೀ ಕಂದ? ಬೇಕರಿಯ ಹಿಟ್ಟು ಮೂಗಿಗೆ ಹೋಗಿ ನಿನಗೆ ಮತ್ತೆ ಕೆಮ್ಮು ಹತ್ತಿದೆ ಎಂದು ನಿನ್ನ ಮಾವ ಬರೆದಿದ್ದ. ಹಿಟ್ಟು ನಾದುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೋ, ಯಾರಾದರೂ ನಕ್ಕರೆ ನಗಲಿ. ಸ್ಯಾನ್ ಫ್ರಾನ್ಸಿಸ್ಕೋದ ಮಂಜು ನಿನ್ನ ಎದೆಗೆ ಆಗಿಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ನಾನು ಕಳಿಸಿದ ಕಂದು ಸ್ವೆಟರು ಕೈಗೆ ಸೇರಿತೋ ಇಲ್ಲವೋ, ನೀನು ಬರೆಯಲೇ ಇಲ್ಲ. ತೋಳು ಉದ್ದವಾಗಿದ್ದರೆ ಮಡಚಿಕೋ, ಕತ್ತರಿ ಹಾಕಬೇಡ, ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಇಲ್ಲಿ ನಾವು ಇದ್ದೇವೆ. ನಿನ್ನ ಅಪ್ಪನ ಮೊಣಕಾಲು ಚಳಿಗೆ ಬಿಗಿದುಕೊಂಡಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ, ನಾನು ಕೈ ಕೊಟ್ಟರೆ ಮಾತ್ರ ಬೇಡ ಎನ್ನುತ್ತಾರೆ. ಕುರಿ ಮಂದೆಗಳು ಬೆಟ್ಟದಿಂದ ಇಳಿದವು, ಕಾಯುವ ಹುಡುಗರೆಲ್ಲ ಬಂದು ಬೋರ್ಡಿಂಗ್ ಮನೆ ತುಂಬಿದೆ. ಗ್ರಾಷಿಯಾನಾ ಅಡುಗೆಮನೆಗೆ ಇನ್ನೊಂದು ಒಲೆ ಹಾಕಿಸಿಕೊಟ್ಟಿದ್ದಾಳೆ. ಯಜಮಾನಿಯಾದರೂ ಪುಣ್ಯಾತ್ಗಿತ್ತಿ, ಸಂಜೆ ತಾನೇ ನಿಂತು ಪಾತ್ರೆ ತೊಳೆಯುತ್ತಾಳೆ. ಬೆಳಿಗ್ಗೆ ಎದ್ದು ಬೀನ್ಸ್ ಕಾಳು ಒಲೆಗೇರಿಸುತ್ತೇನೆ, ಬೆಳ್ಳುಳ್ಳಿ ಸುಲಿಯುತ್ತೇನೆ, ಕುರಿಮಾಂಸ ಹೆಚ್ಚುತ್ತೇನೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಇತ್ತೀಚೆಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುವುದಿಲ್ಲ. ನಾಲಿಗೆಗೆ ಹಚ್ಚಿ ನೋಡಿದರೂ ತಿಳಿಯುವುದಿಲ್ಲ. ಗ್ರಾಷಿಯಾನಾಳನ್ನು ಕರೆದು ರುಚಿ ನೋಡಿಸುತ್ತೇನೆ.

ಹ್ಯಾಸ್ಕೆಟ್‌ನ ಕ್ಲಬ್ಬಿಗೆ ಬೀಗ ಬಿದ್ದಿರುವುದು ನಿನ್ನ ಕಿವಿಗೆ ಬಿದ್ದಿರಬಹುದು. ಜೂಜು ಮಂಡಳಿಯವರು ಮಾಮೂಲಿ ಗಿರಾಕಿಗಳ ಹಾಗೆ ಬಂದು ಇಪ್ಪತ್ತೊಂದರ ಇಸ್ಪೀಟಾಟದ ಮೇಜಿಗೆ ಕೂತರಂತೆ. ಸ್ವಲ್ಪ ಹೊತ್ತು ಆಡಿ, ಸೋತು, ಆಮೇಲೆ ಒಬ್ಬ ಎದ್ದು ಎಲೆಗಳ ಮೇಲೆ ಕೈಯಿಟ್ಟನಂತೆ. ಹತ್ತು, ಗುಲಾಮ, ರಾಣಿ, ರಾಜ, ಇವಿಷ್ಟರ ಉದ್ದದ ಅಂಚನ್ನು ಕೂದಲೆಳೆಯಷ್ಟು ಸವರಿದ್ದರಂತೆ. ಆಡುವವರ ಕಣ್ಣಿಗೆ ಕಾಣುವುದಿಲ್ಲ, ಹಂಚುವವರ ಬೆರಳಿಗೆ ಮಾತ್ರ ಮುಂದೆ ಬರುವ ಎಲೆ ದೊಡ್ಡದೋ ಸಣ್ಣದೋ ಎಂದು ಗೊತ್ತಾಗುತ್ತದಂತೆ. ಇದನ್ನೆಲ್ಲ ನಿನಗೆ ವಿವರಿಸಬೇಕೇ ಎಂದು ಬರೆಯುವಾಗಲೇ ಅನ್ನಿಸಿತು. ಇರಲಿ, ಬರೆದಾಯಿತು.

ಆ ದಿನದಿಂದ ನಿನ್ನ ಅಪ್ಪನಿಗೆ ಎಲ್ಲಿಲ್ಲದ ಮರ್ಯಾದೆ. ಬೇಸಿಗೆಯಿಡೀ ಅವರನ್ನು ಆಡಿಕೊಂಡವರೇ ಈಗ ಬಾಗಿಲಿಗೆ ಬರುತ್ತಾರೆ. ಬೆಟ್ಟಕ್ಕೆ ಹೋಗುವ ಮುಂಚೆ ಊಟದ ಮೇಜಿನಲ್ಲಿ ಹುಡುಗರು ಬ್ರೆಡ್ಡಿನ ಅಂಚಿನ ಮೇಲೆ ಬೆರಳಾಡಿಸಿ, "ಗಾನಿಷಣ್ಣಾ, ಇದನ್ನೂ ಸ್ವಲ್ಪ ನೋಡಿಬಿಡು, ಯಾರೋ ಸವರಿದ ಹಾಗಿದೆ" ಎಂದು ನಗುತ್ತಿದ್ದರು. ಅವರು ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದರು. ಮೊನ್ನೆ ಅದೇ ಹುಡುಗರು ಎದ್ದು ನಿಂತು ಲೋಟ ಎತ್ತಿದರು. "ಗಾನಿಷಣ್ಣಾ, ನೀನೇ ಗೆದ್ದೆ ಕಣಯ್ಯಾ, ನಾವು ಕತ್ತೆಗಳು!" ಅಪ್ಪ ಆಗಲೂ ತಲೆ ತಗ್ಗಿಸಿ ಸೂಪು ಕುಡಿದರು. ಸಂಕೋಚ ಎಂದುಕೊಂಡರು ಹುಡುಗರು. ನಾನೂ ಮೊದಲು ಹಾಗೆಯೇ ಎಂದುಕೊಂಡೆ.

ಪೆಯೊ, ಮಾರ್ಚ್ ತಿಂಗಳ ಆ ಭಾನುವಾರ ನಡೆದದ್ದು ನಿನಗೆ ಗೊತ್ತು. ಆದರೆ ನಾನು ನಿಂತಿದ್ದ ಜಾಗದಿಂದ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ. ಚರ್ಚಿನಿಂದ ಬಂದು, ಊಟಕ್ಕೆ ಕರೆಯೋಣ ಎಂದು ಕ್ಲಬ್ಬಿಗೆ ಬಂದೆ. ಅಪ್ಪ ಎಲೆ ಹಂಚುವ ಲೊರೆಟ್ಟಾಳ ಮೇಜಿನಲ್ಲಿದ್ದರು. ನಾನು ಅವರ ಹೆಗಲ ಹಿಂದೆ ನಿಂತಿದ್ದೆ. ಆ ಹುಡುಗಿ ಎಲೆ ಕಲೆಸಿ ಇಡುತ್ತಿದ್ದ ಹಾಗೆ ಅಪ್ಪ ತಟ್ಟನೆ ಅದರ ಮೇಲೆ ಅಂಗೈ ಊರಿದರು. "ತಾಳಮ್ಮಾ, ಈ ಎಲೆ ಸರಿ ಇಲ್ಲ." ಕಟ್ಟನ್ನು ಕೈಗೆ ತೆಗೆದುಕೊಂಡು ಮೇಜಿಗೆ ಕುಟ್ಟಿ ಜೋಡಿಸಿ, ಪಕ್ಕದಲ್ಲಿದ್ದವರಿಗೆ ತೋರಿಸಿದರು. "ನೋಡ್ರಯ್ಯಾ, ಕೆಲವು ಒಳಕ್ಕೆ ಸರೀತಾವೆ." ಲೊರೆಟ್ಟಾಳ ಮುಖ ಸುಣ್ಣದ ಹಾಗಾಯಿತು. ಹ್ಯಾಸ್ಕೆಟ್ ಬಾರಿನ ಕಡೆಯಿಂದ ಬಂದ. ಅವನ ಹಿಂದೆಯೇ ನೀನೂ ಬಂದೆ. ಅಲ್ಲಿ ಮೇಲ್ವಿಚಾರಕನಾದಾಗ ಹೊಲಿಸಿಕೊಂಡ ಆ ಕರೀ ವೇಸ್ಟ್‌ಕೋಟಿನಲ್ಲಿದ್ದೆ. ಅಷ್ಟು ಗಲಾಟೆಯ ನಡುವೆಯೂ ನನ್ನ ಮಗ ಎಷ್ಟು ಚೆನ್ನಾಗಿ ಕಾಣುತ್ತಾನೆ ಎಂದುಕೊಂಡೆ.

ಹ್ಯಾಸ್ಕೆಟ್ ಕೈ ಚಾಚಿದ. ಅಪ್ಪ ಕೊಡಲಿಲ್ಲ. "ನಿನ್ನ ಕೈಗೆ ಕೊಡಲ್ಲ. ನನ್ನ ಮಗ ಇದಾನೆ, ಅವನ ಕೈಗೆ ಕೊಡ್ತೀನಿ" ಎಂದರು, ಇಡೀ ಕ್ಲಬ್ಬಿಗೆ ಕೇಳುವ ಹಾಗೆ. ನೀನು, "ಕೊಡಿ ಅಪ್ಪಾ, ನಾನು ನೋಡ್ತೀನಿ" ಎಂದೆ. ಕಟ್ಟು ತೆಗೆದುಕೊಂಡು ಬೆಳಕಿಗೆ ಹಿಡಿಯುವವನ ಹಾಗೆ ಬಾರಿನ ದೀಪದ ಕಡೆ ತಿರುಗಿದೆ. ನಮಗೆ ನಿನ್ನ ಬೆನ್ನು ಕಾಣುತ್ತಿತ್ತು. ಆಮೇಲೆ ತಿರುಗಿ ಬಂದು ಹ್ಯಾಸ್ಕೆಟ್‌ನ ಕೈಗೆ ಕೊಟ್ಟೆ. ಅವನು ಹಸಿರು ಬಟ್ಟೆಯ ಮೇಲೆ ಹರಡಿದ. ಯಾರು ಜೋಡಿಸಿದರೂ, ಎಷ್ಟು ಸಲ ಕುಟ್ಟಿದರೂ ಒಂದು ಎಲೆಯೂ ಒಳಕ್ಕೆ ಸರಿಯಲಿಲ್ಲ.

"ಗಾನಿಷ್, ನೀವು ಹಿರಿಯರು, ಕೈ ಮಾಡೋ ಹಾಗಿಲ್ಲ. ಆದ್ರೆ ನನ್ನ ಜಾಗದಲ್ಲಿ ನಿಂತು ನನ್ನನ್ನೇ ಕಳ್ಳ ಅಂದ್ರಿ. ಇಷ್ಟೂ ಜನರೆದುರು ತಪ್ಪಾಯ್ತು ಅಂದ್ಬಿಡಿ, ಸಾಕು" ಎಂದ ಹ್ಯಾಸ್ಕೆಟ್. ಅಪ್ಪ ಎಲೆಗಳನ್ನು ನೋಡಿದರು. ಆಮೇಲೆ ನಿನ್ನನ್ನು ನೋಡಿದರು. ಟೋಪಿ ತೆಗೆದು, "ತಪ್ಪಾಯ್ತು. ನನ್ನ ಕಣ್ಣು ಸರಿ ಇಲ್ಲ" ಎಂದರು. ಮದುವೆಯಾದಾಗಿನಿಂದ ನನ್ನ ಹತ್ತಿರವಾಗಲಿ, ಪಾದ್ರಿಯ ಹತ್ತಿರವಾಗಲಿ ಆ ಮಾತು ಆಡಿದವರಲ್ಲ. ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಕರೆತಂದೆ. ಅದಾಗಿ ಸ್ವಲ್ಪ ದಿನಕ್ಕೆ ನೀನು, ಕ್ಲಬ್ಬಿನ ಹೊಗೆ ಎದೆಗೆ ಆಗುವುದಿಲ್ಲ ಎಂದು ಹೇಳಿ ಮಾವನ ಬೇಕರಿಗೆ ಹೊರಟೆ. ಒಳ್ಳೆಯದೇ ಆಯಿತು ಎಂದುಕೊಂಡು ದಾರಿಗೆ ಬ್ರೆಡ್ಡು, ಚೀಸು ಕಟ್ಟಿಕೊಟ್ಟೆ.

ಈಗ ಹ್ಯಾಸ್ಕೆಟ್ ತನಗೇನೂ ಗೊತ್ತೇ ಇಲ್ಲ, ಎಲೆ ಸವರಿದ್ದೂ ಆಡಿಸಿದ್ದೂ ಎಲ್ಲ ಲೊರೆಟ್ಟಾ ಒಬ್ಬಳೇ ಎಂದು ಬರೆದುಕೊಟ್ಟಿದ್ದಾನೆ. ಅವಳನ್ನು ಹಿಡಿದು ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಹೋದ ವಾರ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮಗುವಿಗೆ ಮೂಗು ಸುರಿಯುತ್ತಿತ್ತು. ನಾನು ಹಾಲು ಬಿಸಿ ಮಾಡಿ ಕೊಟ್ಟೆ. ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದರು. ಅವಳು ಅಳಲಿಲ್ಲ. ಅತ್ತು ಅತ್ತು ಮುಗಿದವಳ ಹಾಗಿದ್ದಳು. "ಅಮ್ಮಾ, ನಾನು ಸಾಚಾ ಅಂತ ಹೇಳಲ್ಲ. ಬೆರಳಿಗೆ ಗೊತ್ತಾಗ್ತಿತ್ತು, ಹೇಳಿದ ಹಾಗೆ ಹಂಚ್ತಿದ್ದೆ. ಆದ್ರೆ ಸವರಿದ್ದು ನಾನಲ್ಲ. ಹಿಂದಿನ ಕೋಣೆಯಿಂದ ತಂದು ಕೊಡೋರು. ನನ್ನ ಪಾಲಿಂದು ನಾನು ಹೊರ್ತೀನಿ. ಎಲ್ಲರ ಪಾಲೂ ನಾನೇ ಯಾಕೆ ಹೊರಲಿ?" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಆವತ್ತು ನಿಮ್ಮ ಕೈಯಿಂದ ಕಟ್ಟು ಯಾರು ತಗೊಂಡ್ರು ಅಂತ ಅಷ್ಟು ಹೇಳಿ ಸಾಕು ಅಪ್ಪಾ. ನಾನು ಹೇಳಿದ್ರೆ ಯಾರೂ ನಂಬಲ್ಲ" ಎಂದಳು. ನಿನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ನನ್ನ ಮುಖ ನೋಡಿ ತಡೆದುಕೊಂಡಳು ಎಂದು ತೋರುತ್ತದೆ. ಅಪ್ಪ ಈರುಳ್ಳಿಯಿಂದ ಕಣ್ಣೆತ್ತದೆ, "ನೆನಪಿಲ್ಲ ಮಗಳೇ" ಎಂದರು.

ಮರುದಿನ ಮಂಡಳಿಯಿಂದ ಒಬ್ಬ ಬಂದ, ನಿನ್ನ ಓರಗೆಯ ಹುಡುಗ. ಅವನೂ ಅದನ್ನೇ ಕೇಳಿದ. ಅಪ್ಪ, ನೆನಪಿಲ್ಲ, ಎಲೆ ಸರಿಯಾಗೇ ಇತ್ತು, ತಪ್ಪು ನನ್ನದೇ ಎಂದರು. ಅವನಿಗೆ ನಗು ಬಂತು. "ಏನು ತಾತಾ, ಊರಿಗೆ ಊರೇ ನೀವು ಸರಿ ಅಂತಿದೆ, ನೀವೊಬ್ರೇ ತಪ್ಪು ಅಂತೀರಲ್ಲ!" ಅಪ್ಪ ನಗಲಿಲ್ಲ. ಆ ಹುಡುಗ ನನ್ನ ಕಡೆ ನೋಡಿದ. ನಾನು ಕಾಫಿ ಬಗ್ಗಿಸುತ್ತಿದ್ದೆ, ಬಗ್ಗಿಸುತ್ತಲೇ ಇದ್ದೆ, ತಟ್ಟೆಗೆ ಚೆಲ್ಲಿತು.

ಅವನು ಹೋದ ಮೇಲೆ ಕೇಳಿದೆ. "ಈ ಮರೆವು ಯಾವಾಗಿನಿಂದ ಬಂತು ನಿಮಗೆ?"

ಅಪ್ಪ ಕಿಟಕಿಯ ಹೊರಗೆ ರೈಲು ಹಳಿಯ ಕಡೆ ತಿರುಗಿದರು. ಆಮೇಲೆ ಹೇಳಿದರು. "ಕೇಳು ಕಟ್ಟಾಲಿನ್, ನಾನು ಕೊಟ್ಟಿದ್ದು ಬೆವರು ಹಿಡಿದ ಹಳೇ ಕಟ್ಟು. ಮೇಲಿನ ಎಲೆ ಮೇಲೆ ಕಾಫಿ ಕಲೆ ಇತ್ತು. ಹ್ಯಾಸ್ಕೆಟ್ ಹರಡಿದ್ದರಲ್ಲಿ ಕಲೇನೇ ಇರ್ಲಿಲ್ಲ."

"ಹಾಗಾದ್ರೆ ಅಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಟೋಪಿ ತೆಗೆದ್ರಾ?"

"ಕಟ್ಟು ಕೊಟ್ಟಿದ್ದು ನಾನು, ತಗೊಂಡಿದ್ದು ನಮ್ಮ ಮಗ. ಇಬ್ಬರಲ್ಲಿ ಒಬ್ಬ ಸುಳ್ಳುಗಾರ ಆಗ್ಬೇಕಿತ್ತು. ನನಗೆ ವಯಸ್ಸಾಯ್ತು, ನಾನೇ ಆದೆ. ಬಿಡು."

ಇಷ್ಟೇ ಹೇಳಿದ್ದು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕರುವಿಗೆ ಹುಲ್ಲು ಹಾಕಿ ಬಂದೆ ಎನ್ನುವ ಹಾಗಿತ್ತು. ನನಗೆ ಈಗ ಅಳು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ನಿನ್ನ ಮೇಲೆ ಸಿಟ್ಟಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಹುಡುಗರ ಊಟದ ಹೊತ್ತಾಗಿತ್ತು, ಎದ್ದು ಬ್ರೆಡ್ಡು ಕೊಯ್ದೆ. ಎಲ್ಲರಿಗೂ ಬಡಿಸಿದೆ. ಆಮೇಲೆ ನೋಡಿದರೆ ಹೆಬ್ಬೆರಳು ಕೊಯ್ದುಕೊಂಡಿದ್ದೆ, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆಲ್ಲ ರಕ್ತ. ಯಾವಾಗ ಕೊಯ್ದಿತೋ ಗೊತ್ತಿಲ್ಲ. ಉರಿಯೂ ಇರಲಿಲ್ಲ. ಗ್ರಾಷಿಯಾನಾ ಕೂಗಿದಳು, ಬಟ್ಟೆ ಸುತ್ತಿದಳು. ಗಾಬರಿಯಾಗಬೇಡ, ಈಗ ಮಾಯುತ್ತಿದೆ, ಅದಕ್ಕೇ ಅಕ್ಷರ ಓರೆಯಾಗಿದೆ.

ಅಂದಿನಿಂದ ಅಪ್ಪ ನಿನ್ನ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಆಡಿಲ್ಲ. ಒಳ್ಳೆಯದಾಗಿಯೂ ಆಡಿಲ್ಲ. ನಿನ್ನ ಕಾಗದ ಬಂತಾ ಎಂದು ಮೊದಲು ದಿನಾ ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ಸಂಜೆ ಹುಡುಗರು ಇಸ್ಪೀಟಿಗೆ ಕರೆದರೆ ಮೊಣಕಾಲು ನೋವು ಎಂದು ಮಲಗಿಬಿಡುತ್ತಾರೆ. ನಾನು ಪಕ್ಕದಲ್ಲಿ ಮಲಗುತ್ತೇನೆ. ಅವರು ನಿದ್ದೆ ಮಾಡಿಲ್ಲವೆಂದು ನನಗೆ ಗೊತ್ತು, ನಾನು ಮಾಡಿಲ್ಲವೆಂದು ಅವರಿಗೆ ಗೊತ್ತು.

ಮಾವನಿಗೂ ಅತ್ತೆಗೂ ನನ್ನ ನೆನಪು ಹೇಳು. ಅವರ ಸಣ್ಣವಳಿಗೆ ಹಲ್ಲು ಬಂತೇ? ಭಾನುವಾರ ಚರ್ಚಿಗೆ ಹೋಗುವುದನ್ನು ತಪ್ಪಿಸಬೇಡ. ಕೆಮ್ಮಿಗೆ ಬಿಸಿ ಹಾಲಿಗೆ ಜೇನು ಹಾಕಿ ಕುಡಿ. ದೇವಮಾತೆ ನಿನ್ನ ತಲೆ ಕಾಯಲಿ, ನಿನ್ನ ಕೈ ಹಿಡಿದು ನಡೆಸಲಿ. ನೀನು ಏನು ಮಾಡಿದ್ದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಆ ಲೆಕ್ಕ ಬದಲಾಗುವುದಿಲ್ಲ.

ಇಂತಿ,
ನಿನ್ನ ಅಮ್ಮ
ಕಟ್ಟಾಲಿನ್ ಎರ್ರೆಕಾರ್ಟ್

ಮತ್ತೆ: ಅಂಚೆ ಕಚೇರಿಯಲ್ಲೇ ನಿಂತು ಇದನ್ನು ಬರೆಯುತ್ತಿದ್ದೇನೆ, ಟಪಾಲು ಚೀಲ ಕಟ್ಟುತ್ತಿದ್ದಾರೆ. ಲೊರೆಟ್ಟಾಳ ವಿಚಾರಣೆ ಬರುವ ವಾರ ಗುರುವಾರ, ಹತ್ತೊಂಬತ್ತಕ್ಕೆ. ಈಗ ಬರುವ ದಾರಿಯಲ್ಲಿ ಮಂಡಳಿಯ ಆ ಹುಡುಗನನ್ನು ಕಂಡು, ಆವತ್ತು ನಾನೂ ಅಲ್ಲಿದ್ದೆ, ಕಟ್ಟು ಯಾರ ಕೈಗೆ ಹೋಯಿತು ಎಂದು ನೋಡಿದ್ದೇನೆ, ಕೋರ್ಟಿನಲ್ಲಿ ಹೇಳುತ್ತೇನೆ ಎಂದು ಹೇಳಿ ಬಂದೆ. ಹೆಸರು ಇನ್ನೂ ಹೇಳಿಲ್ಲ. ಅಪ್ಪನಿಗೆ ಗೊತ್ತಿಲ್ಲ. ನೀನು ಬಂದು ನೀನೇ ಹೇಳಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ. ಮೊದಲು ಮನೆಗೆ ಬರಬೇಡ, ಅಪ್ಪ ನಿನ್ನನ್ನು ಕೋರ್ಟಿಗೆ ಹೋಗಗೊಡುವುದಿಲ್ಲ. ರೈಲಿಳಿದು ನೇರ ಕೋರ್ಟಿಗೆ ಬಾ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಹೆಸರು ಕೂಗುವವರೆಗೂ ಒಳಗೆ ಹೋಗುವುದಿಲ್ಲ.